ಅಮೆರಿಕದಲ್ಲಿ ಕಾಲೇಜ್ ಆಲ್ಜೀಬ್ರಾ ಕೋರ್ಸ್: ದಾಖಲಾತಿಗೆ ಮೊದಲಿನಿಂದ ಅಂತಿಮ ಪರೀಕ್ಷೆಯವರೆಗೆ ಸಮಗ್ರ ಮಾರ್ಗದರ್ಶಿ

ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮುಗಿಸಿ, ಮದುವೆ, ಮಕ್ಕಳು, ಕೆಲಸ ಎಂದು ಹಲವು ವರ್ಷ ಕಳೆದ ಮೇಲೆ ಅಮೆರಿಕದ ಕಮ್ಯುನಿಟಿ ಕಾಲೇಜಿಗೆ (ಸಾಮಾನ್ಯವಾಗಿ ಎರಡು ವರ್ಷದ ಸ್ಥಳೀಯ ಕಾಲೇಜು) ಸೇರುವ ಕನ್ನಡಿಗರಲ್ಲಿ ಅನೇಕರು ಕಾಲೇಜ್ ಆಲ್ಜೀಬ್ರಾ ಎಂಬ ಆರಂಭಿಕ ಬೀಜಗಣಿತದ ಕೋರ್ಸಿನಲ್ಲಿ ಎಡವುತ್ತಾರೆ. ಅರ್ಧಕ್ಕೆ ಕೈಬಿಟ್ಟು ಮುಂದಿನ ಸೆಮಿಸ್ಟರಿನಲ್ಲಿ ಮತ್ತೆ ಶುಲ್ಕ ಕಟ್ಟಿ, ಹಿಂದಿನ ಬಾರಿಯಂತೆಯೇ ಓದಿ, ಹಿಂದಿನ ಬಾರಿ ನಿಂತಲ್ಲಿಯೇ ಮತ್ತೆ ನಿಲ್ಲುತ್ತಾರೆ. ಮಾಡಬೇಕಾದ ಕೆಲಸಗಳ ಕ್ರಮ ತಪ್ಪುವುದೇ ಇದಕ್ಕೆ ಮುಖ್ಯ ಕಾರಣ. ದಾಖಲಾತಿಗೆ ಮೊದಲು ವಿಚಾರಿಸಬೇಕಾದುದನ್ನು ನಾಲ್ಕನೆಯ ವಾರದಲ್ಲಿ ವಿಚಾರಿಸುತ್ತಾರೆ. ತರಗತಿ ಆರಂಭವಾಗುವ ಮೊದಲು ಸರಿಪಡಿಸಿಕೊಳ್ಳಬೇಕಾದ ಭಿನ್ನರಾಶಿಯ ತಪ್ಪುಗಳನ್ನು ಅಂತಿಮ ಪರೀಕ್ಷೆಯವರೆಗೂ ಹೊತ್ತು ಸಾಗುತ್ತಾರೆ. ಆದುದರಿಂದ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲಿಯೇ ಅನುಸರಿಸಬೇಕೆಂದು ಕೋರುತ್ತೇನೆ.

ತರಗತಿಯಲ್ಲಿ ‘ಎಕ್ಸ್’ ಎಂದು ಬರೆಯುವ ಚರಾಕ್ಷರವನ್ನು ಇಲ್ಲಿ ‘ಕ್ಷ’ ಎಂದು ಬರೆದಿದ್ದೇನೆ.

ಹಂತ 1: ಈ ಕೋರ್ಸ್ ನಿಮಗೆ ಬೇಕೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ

ಗಣಿತದ ಯಾವುದೋ ಒಂದು ಕೋರ್ಸ್ ಕಡ್ಡಾಯ ಎಂದು ಕೇಳಿದ ಕೂಡಲೇ ಕಾಲೇಜ್ ಆಲ್ಜೀಬ್ರಾಕ್ಕೆ ಹೆಸರು ಹಚ್ಚುವುದು ಮೊದಲನೆಯ ತಪ್ಪು. ಸಮಾಜ ವಿಜ್ಞಾನ, ಕಲೆ ಮತ್ತು ಆರೋಗ್ಯ ಕ್ಷೇತ್ರದ ಅನೇಕ ಪದವಿಗಳಿಗೆ ಸಂಖ್ಯಾಶಾಸ್ತ್ರದ ಕೋರ್ಸ್ ಸಾಕಾಗುತ್ತದೆ, ಕೆಲವೆಡೆ ಅದೇ ಕಡ್ಡಾಯವಾಗಿರುತ್ತದೆ. ವಾಣಿಜ್ಯದ ಪದವಿಗೆ ಹೋಗುವವರಿಗೆ ಕಾಲೇಜ್ ಆಲ್ಜೀಬ್ರಾದ ನಂತರ ಬಿಸಿನೆಸ್ ಕ್ಯಾಲ್ಕ್ಯುಲಸ್ ಇರಬಹುದು. ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ವಿಜ್ಞಾನದವರಿಗೆ ಇದು ತ್ರಿಕೋನಮಿತಿ, ಪ್ರಿಕ್ಯಾಲ್ಕ್ಯುಲಸ್, ಕ್ಯಾಲ್ಕ್ಯುಲಸ್ ಎಂಬ ಸರಪಳಿಯ ಮೊದಲ ಕೊಂಡಿ ಮಾತ್ರ; ಪಿಯುಸಿಯಲ್ಲಿ ವಿಜ್ಞಾನ ಓದಿ ಗಣಿತ ಇನ್ನೂ ನೆನಪಿರುವವರು ನೇರವಾಗಿ ಮುಂದಿನ ಕೊಂಡಿಯಿಂದಲೇ ಆರಂಭಿಸಲು ಸಾಧ್ಯವಿದೆ.

ಕೋರ್ಸ್ ಆಯ್ಕೆಯಲ್ಲಿ ಸಲಹೆ ನೀಡುವ ಕಾಲೇಜಿನ ಅಡ್ವೈಸರ್ ಅವರನ್ನು ಭೇಟಿಯಾದಾಗ ಮೂರು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ನನ್ನ ಪದವಿಗೆ ನಿಖರವಾಗಿ ಯಾವ ಗಣಿತದ ಕೋರ್ಸ್ ಬೇಕು? ಮುಂದೆ ನಾನು ವರ್ಗಾವಣೆಯಾಗಲಿರುವ ವಿಶ್ವವಿದ್ಯಾಲಯ ಈ ಕೋರ್ಸಿನ ಕ್ರೆಡಿಟ್ ಅನ್ನು, ಅಂದರೆ ಪದವಿಯ ಲೆಕ್ಕಕ್ಕೆ ಸೇರುವ ಮಾನವನ್ನು, ಒಪ್ಪುತ್ತದೆಯೇ? ಅದಕ್ಕೆ ಕನಿಷ್ಠ ಎಷ್ಟು ಗ್ರೇಡ್ ಬೇಕು? ಉತ್ತರಗಳನ್ನು ಇಮೇಲ್ ಮೂಲಕ ಪಡೆದು ಉಳಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅಡ್ವೈಸರ್‌ಗಳು ಬದಲಾಗುತ್ತಿರುತ್ತಾರೆ.

ಭಾರತದಲ್ಲಿ ಬಿಕಾಂ, ಬಿಎಸ್ಸಿ ಮುಗಿಸಿದವರು ತಮ್ಮ ಅಂಕಪಟ್ಟಿಗಳ ಮೌಲ್ಯಮಾಪನವನ್ನು ಮೊದಲು ಮಾಡಿಸಬೇಕು. ಕಾಲೇಜುಗಳು ಸಾಮಾನ್ಯವಾಗಿ ಎನ್‌ಎಸಿಇಎಸ್ (ವಿದೇಶಿ ಅಂಕಪಟ್ಟಿಗಳನ್ನು ಮೌಲ್ಯಮಾಪನ ಮಾಡುವ ಸಂಸ್ಥೆಗಳ ಸಂಘ) ಸದಸ್ಯತ್ವ ಹೊಂದಿರುವ ಸಂಸ್ಥೆಗಳ ವರದಿಯನ್ನು ಕೇಳುತ್ತವೆ. ಒಟ್ಟು ಪದವಿಯ ಸಮಾನತೆಯನ್ನಷ್ಟೇ ಹೇಳುವ ವರದಿಯಿಂದ ಈ ಕೆಲಸ ಆಗುವುದಿಲ್ಲ. ವಿಷಯವಾರು ಕ್ರೆಡಿಟ್‌ಗಳನ್ನು ತೋರಿಸುವ ವರದಿಯನ್ನೇ ಕೇಳಿ ಪಡೆಯಬೇಕು. ನೀವು ಆಗಲೇ ಓದಿರುವ ಗಣಿತಕ್ಕೆ ಕ್ರೆಡಿಟ್ ಸಿಕ್ಕಿದರೆ ಈ ಮಾರ್ಗದರ್ಶಿಯ ಉಳಿದ ಭಾಗವೇ ನಿಮಗೆ ಬೇಕಾಗದಿರಬಹುದು.

ಇನ್ನೊಂದು ದಾರಿಯೂ ಇದೆ. ಕಾಲೇಜ್ ಬೋರ್ಡ್ ನಡೆಸುವ ಕ್ಲೆಪ್ ಪರೀಕ್ಷೆಗಳಲ್ಲಿ ಕಾಲೇಜ್ ಆಲ್ಜೀಬ್ರಾವೂ ಒಂದು. ಸುಮಾರು 60 ಪ್ರಶ್ನೆಗಳನ್ನು 90 ನಿಮಿಷಗಳಲ್ಲಿ ಬಿಡಿಸಬೇಕಾದ ಈ ಪರೀಕ್ಷೆಯಲ್ಲಿ ಕಾಲೇಜು ಕೇಳುವ ಅಂಕ ಪಡೆದರೆ ತರಗತಿಗೆ ಹೋಗದೆಯೇ ಕ್ರೆಡಿಟ್ ದೊರೆಯುತ್ತದೆ. ನಿಮ್ಮ ಕಾಲೇಜು ಇದನ್ನು ಒಪ್ಪುತ್ತದೆಯೇ ಎಂದು ಮೊದಲು ಕೇಳಿ, ನಂತರ ಶುಲ್ಕ ಕಟ್ಟಿ.

ಹಂತ 2: ಪ್ಲೇಸ್‌ಮೆಂಟ್ ಪರೀಕ್ಷೆಯನ್ನು ನೀವೇ, ಒಬ್ಬರೇ ಕುಳಿತು ಬರೆಯಿರಿ

ಯಾವ ಮಟ್ಟದ ಕೋರ್ಸಿನಿಂದ ಆರಂಭಿಸಬೇಕೆಂದು ನಿರ್ಧರಿಸಲು ಅನೇಕ ಕಾಲೇಜುಗಳು ಅಲೆಕ್ಸ್ ಅಥವಾ ಅಕ್ಯುಪ್ಲೇಸರ್ ಎಂಬ ಪರೀಕ್ಷೆಯನ್ನು ಬಳಸುತ್ತವೆ. ಅಲೆಕ್ಸ್‌ನಲ್ಲಿ ಗರಿಷ್ಠ 30 ಪ್ರಶ್ನೆಗಳಿರುತ್ತವೆ. ನಿಮ್ಮ ಉತ್ತರಗಳನ್ನು ನೋಡಿ ಮುಂದಿನ ಪ್ರಶ್ನೆಯ ಮಟ್ಟ ಬದಲಾಗುತ್ತದೆ. ಮನೆಯಲ್ಲಿ ಕುಳಿತು ಬರೆಯುವ ಅವಕಾಶವಿದ್ದಾಗ ಪಕ್ಕದಲ್ಲಿ ಎಂಜಿನಿಯರ್ ಪತಿಯೋ ಹೈಸ್ಕೂಲಿನ ಮಗಳೋ ಕುಳಿತು ಸಹಾಯ ಮಾಡುವುದುಂಟು. ಪರೀಕ್ಷಾ ನಿಯಮಕ್ಕೆ ವಿರುದ್ಧವಾದ ಈ ಸಹಾಯದಿಂದ ಆಗುವ ನಷ್ಟವೂ ನಿಮ್ಮದೇ: ನಿಮ್ಮ ಸಿದ್ಧತೆಗೆ ಮೀರಿದ ತರಗತಿಯಲ್ಲಿ ಸ್ಥಾನ ಸಿಗುತ್ತದೆ, ಮೂರನೆಯ ವಾರದಿಂದ ಪಾಠ ಕೈಮೀರುತ್ತದೆ.

ಹಾಗೆಂದು ಸಿದ್ಧತೆಯಿಲ್ಲದೆ ಬರೆಯುವುದೂ ಸರಿಯಲ್ಲ. ಹದಿನೈದು ವರ್ಷ ಮುಟ್ಟದ ಗಣಿತ ಎರಡು ವಾರಗಳ ಅಭ್ಯಾಸದಿಂದ ಬಹುಮಟ್ಟಿಗೆ ಮರುಕಳಿಸುತ್ತದೆ. ಅಲೆಕ್ಸ್ ಜೊತೆಗೆ ಬರುವ ಅಭ್ಯಾಸದ ಮಾಡ್ಯೂಲ್ ಅನ್ನು ಬಳಸಿ, ಕಾಲೇಜು ಅನುಮತಿಸಿದರೆ ಪರೀಕ್ಷೆಯನ್ನು ಮತ್ತೊಮ್ಮೆ ಬರೆಯಿರಿ.

ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಈ ಹಂತ ಬೇರೆಯಾಗಿದೆ. ಅಲ್ಲಿ 2017ರ ಎಬಿ 705 ಕಾಯ್ದೆಯ ನಂತರ ಕಮ್ಯುನಿಟಿ ಕಾಲೇಜುಗಳು ಮುಖ್ಯವಾಗಿ ಹೈಸ್ಕೂಲಿನ ಸಾಧನೆಯನ್ನು ಆಧರಿಸಿ ವಿದ್ಯಾರ್ಥಿಗಳನ್ನು ನೇರವಾಗಿ ಕಾಲೇಜು ಮಟ್ಟದ ಗಣಿತಕ್ಕೆ ಸೇರಿಸುತ್ತವೆ. ಬೇರೆ ರಾಜ್ಯಗಳಲ್ಲಿಯೂ, ಮುಖ್ಯ ಕೋರ್ಸಿನ ಜೊತೆಯಲ್ಲಿಯೇ ನಡೆಯುವ ಕೋರಿಕ್ವಿಸಿಟ್ ಎಂಬ ಸಹಾಯಕ ತರಗತಿ ಸಾಮಾನ್ಯವಾಗುತ್ತಿದೆ. ಅದನ್ನು ಸೂಚಿಸಿದರೆ ಅವಮಾನವೆಂದು ತಿಳಿಯದೆ ಸೇರಿಕೊಳ್ಳಿ. ಬಹುಕಾಲದ ನಂತರ ಓದಿಗೆ ಮರಳುವವರಿಗೆ ವಾರಕ್ಕೆ ಒಂದೆರಡು ಗಂಟೆ ಹೆಚ್ಚುವರಿಯಾಗಿ ಶಿಕ್ಷಕರ ಮುಂದೆ ಕುಳಿತು ಲೆಕ್ಕ ಮಾಡುವುದಕ್ಕಿಂತ ಉಪಯುಕ್ತವಾದ ವ್ಯವಸ್ಥೆಯನ್ನು ನಾನು ಕಂಡಿಲ್ಲ.

ಹಂತ 3: ವಿಭಾಗವನ್ನು ಗಂಟೆಗಳ ಲೆಕ್ಕದಿಂದ ಆರಿಸಿ

ಕಾಲೇಜ್ ಆಲ್ಜೀಬ್ರಾ ಸಾಮಾನ್ಯವಾಗಿ 3 ಕ್ರೆಡಿಟ್‌ಗಳ ಕೋರ್ಸ್. ಪ್ರತಿ ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆ ತರಗತಿ ಮತ್ತು ಹೊರಗೆ ಎರಡು ಗಂಟೆ ಓದು ಎಂಬುದು ಅಮೆರಿಕದ ಕಾಲೇಜುಗಳ ರೂಢಿಯ ಲೆಕ್ಕ. ಹಾಗಾದರೆ 15 ಅಥವಾ 16 ವಾರಗಳ ಸೆಮಿಸ್ಟರಿನಲ್ಲಿ ವಾರಕ್ಕೆ 9 ಗಂಟೆ ಬೇಕು. ಅದೇ ಪಠ್ಯವನ್ನು 8 ವಾರಗಳಲ್ಲಿ ಮುಗಿಸುವ ಬೇಸಿಗೆಯ ವಿಭಾಗಕ್ಕೆ ವಾರಕ್ಕೆ ಸುಮಾರು 18 ಗಂಟೆ ಬೇಕು. ಮಕ್ಕಳಿಗೂ ಶಾಲೆಗೆ ರಜೆ ಇರುವ ಬೇಸಿಗೆಯಲ್ಲಿ ದಿನಕ್ಕೆ ಎರಡೂವರೆ ಗಂಟೆ ನಿರಾತಂಕವಾಗಿ ಸಿಗುತ್ತದೆಯೇ ಎಂದು ಕ್ಯಾಲೆಂಡರ್ ಮುಂದಿಟ್ಟುಕೊಂಡು ಲೆಕ್ಕ ಹಾಕಿ, ನಂತರ ನಿರ್ಧರಿಸಿ.

ಗಣಿತವನ್ನು ಹೊಸದಾಗಿ ಮುಟ್ಟುತ್ತಿರುವವರು ಮೊದಲ ಬಾರಿಗೆ ಆನ್‌ಲೈನ್ ವಿಭಾಗವನ್ನು ಆರಿಸದಿರುವುದು ಉತ್ತಮ. ತರಗತಿಯಲ್ಲಿ ಕುಳಿತಾಗ ನಿಮ್ಮ ಹಾಳೆಯನ್ನು ಇನ್ನೊಬ್ಬರು ನೋಡುತ್ತಾರೆ. ಆನ್‌ಲೈನ್‌ನಲ್ಲಿ ಕಂಪ್ಯೂಟರ್ ನಿಮ್ಮ ಕೊನೆಯ ಉತ್ತರವನ್ನು ಮಾತ್ರ ನೋಡುತ್ತದೆ.

ವೀಸಾದ ವಿಷಯವನ್ನೂ ಇಲ್ಲಿಯೇ ಗಮನಿಸಬೇಕು. ಎಚ್-4 ವೀಸಾದಲ್ಲಿ (ಎಚ್-1ಬಿಯಂತಹ ಕೆಲಸದ ವೀಸಾ ಹೊಂದಿದವರ ಸಂಗಾತಿ ಮತ್ತು ಮಕ್ಕಳಿಗೆ ಸಿಗುವ ವೀಸಾ) ಇರುವವರು ಒಂದೇ ಕೋರ್ಸ್ ತೆಗೆದುಕೊಂಡು ಅರೆಕಾಲಿಕವಾಗಿ ಓದಬಹುದು. ಎಫ್-1 ಎಂಬ ವಿದ್ಯಾರ್ಥಿ ವೀಸಾದ ಪದವಿ ವಿದ್ಯಾರ್ಥಿಗಳು ಸೆಮಿಸ್ಟರಿಗೆ ಸಾಮಾನ್ಯವಾಗಿ ಕನಿಷ್ಠ 12 ಕ್ರೆಡಿಟ್ ಹೊಂದಿರಬೇಕು, ಮತ್ತು ಆ ಲೆಕ್ಕಕ್ಕೆ ಪೂರ್ಣ ಆನ್‌ಲೈನ್ ಆದ ಒಂದು ಕೋರ್ಸ್, ಅಂದರೆ 3 ಕ್ರೆಡಿಟ್, ಮಾತ್ರ ಸೇರುತ್ತದೆ. ಎಫ್-1 ವಿದ್ಯಾರ್ಥಿಗಳು ಕೋರ್ಸ್ ಕೈಬಿಟ್ಟು ಆ ಮಿತಿಗಿಂತ ಕೆಳಗಿಳಿಯುವ ಮೊದಲು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಅನುಮತಿಯನ್ನು ಪಡೆಯಲೇಬೇಕು. ಕೈಬಿಟ್ಟ ನಂತರ ಕೇಳುವುದು ತಡವಾದಂತೆ.

ಹಂತ 4: ಸಲಕರಣೆಗಳನ್ನು ಸಿಲಬಸ್ ನೋಡಿ ಕೊಳ್ಳಿ

ಶಿಕ್ಷಕರು ಕೊಡುವ ಸಿಲಬಸ್, ಅಂದರೆ ಕೋರ್ಸಿನ ಪಠ್ಯ, ದಿನಾಂಕ ಮತ್ತು ನಿಯಮಗಳ ಪತ್ರ, ಕೈಗೆ ಬರುವ ಮೊದಲು ಏನನ್ನೂ ಕೊಳ್ಳಬೇಡಿ. ಹೋಂವರ್ಕ್ ಮೈಲ್ಯಾಬ್, ವೆಬ್‌ಅಸೈನ್ ಅಥವಾ ಅಲೆಕ್ಸ್ ಎಂಬ ಜಾಲತಾಣಗಳಲ್ಲಿ ನಡೆಯುವುದರಿಂದ ಅದರ ಆಕ್ಸೆಸ್ ಕೋಡ್ ಬೇಕಾಗುತ್ತದೆ. ಹಳೆಯ ಪುಸ್ತಕದೊಂದಿಗೆ ಬರುವ ಬಳಸಿದ ಕೋಡ್ ಕೆಲಸ ಮಾಡುವುದಿಲ್ಲ. ಅನೇಕ ಕಾಲೇಜುಗಳಲ್ಲಿ ಈ ಕೋಡ್‌ನ ಬೆಲೆ ಶುಲ್ಕದಲ್ಲಿಯೇ ಸೇರಿರುತ್ತದೆ. ಓದಲು ಪಠ್ಯ ಬೇಕೆಂದರೆ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಈ ಕೋರ್ಸಿನ ಪೂರ್ಣ ಪಠ್ಯಪುಸ್ತಕವನ್ನು ಉಚಿತವಾಗಿ ನೀಡುತ್ತದೆ.

ಕ್ಯಾಲ್ಕ್ಯುಲೇಟರ್ ವಿಷಯದಲ್ಲಿ ಎಚ್ಚರ ಬೇಕು. ಕೆಲವು ಶಿಕ್ಷಕರು ಟಿಐ-84ರಂತಹ ನಕ್ಷೆ ಬಿಡಿಸುವ ಯಂತ್ರವನ್ನು ಕೇಳುತ್ತಾರೆ, ಕೆಲವರು ಟಿಐ-30ರಂತಹ ಸಾಧಾರಣ ಯಂತ್ರವನ್ನು ಮಾತ್ರ ಬಿಡುತ್ತಾರೆ, ಸಮೀಕರಣಗಳನ್ನು ತಾನೇ ಬಿಡಿಸುವ ಟಿಐ-89ರಂತಹ ಯಂತ್ರಗಳಿಗೆ ಬಹುತೇಕ ಕಡೆ ಪ್ರವೇಶವಿಲ್ಲ. ದುಬಾರಿ ಯಂತ್ರವನ್ನು ಕಾಲೇಜಿನ ಗ್ರಂಥಾಲಯದಿಂದ ಎರವಲು ಪಡೆಯಲು ಸಾಧ್ಯವೇ ಎಂದು ವಿಚಾರಿಸಿ. ಪರೀಕ್ಷೆಯಲ್ಲಿ ಫೋನ್ ಬಳಸಲು ಬಿಡುವುದಿಲ್ಲವಾದ್ದರಿಂದ ಮನೆಯಲ್ಲಿಯೂ ಅದೇ ಯಂತ್ರದ ಮೇಲೆ ಅಭ್ಯಾಸ ಮಾಡಬೇಕು.

ಇವುಗಳ ಜೊತೆಗೆ ಎರಡು ನೋಟ್‌ಪುಸ್ತಕಗಳು ಬೇಕು. ಒಂದು ಪಾಠಕ್ಕೆ ಮತ್ತು ಲೆಕ್ಕಕ್ಕೆ. ಇನ್ನೊಂದು ತಪ್ಪುಗಳನ್ನು ಬರೆದಿಡಲು ಮಾತ್ರ. ಎರಡನೆಯದರ ಉಪಯೋಗ ಹಂತ 8ರಲ್ಲಿ ಬರುತ್ತದೆ.

ಹಂತ 5: ತರಗತಿ ಆರಂಭವಾಗುವ ಮೊದಲೇ ಹಳೆಯ ತಪ್ಪುಗಳನ್ನು ತಿದ್ದಿಕೊಳ್ಳಿ

ಎಲ್ಲ ಹಂತಗಳಲ್ಲಿ ಇದಕ್ಕೆ ಹೆಚ್ಚು ಸಮಯ ಕೊಡಿ. ಕೋರ್ಸಿನಲ್ಲಿ ಕಳೆದುಕೊಳ್ಳುವ ಅಂಕಗಳಲ್ಲಿ ದೊಡ್ಡ ಪಾಲು ಹೊಸ ಅಧ್ಯಾಯಗಳಿಂದ ಹೋಗುವುದಿಲ್ಲ. ಎಂಟನೆಯ ಮತ್ತು ಒಂಬತ್ತನೆಯ ತರಗತಿಯ ಭಿನ್ನರಾಶಿ, ಋಣಚಿಹ್ನೆ, ಘಾತಾಂಕ ಮತ್ತು ಅಪವರ್ತನಗಳಿಂದ ಹೋಗುತ್ತದೆ. ತರಗತಿಗೆ ಮೊದಲಿನ ಮೂರು ವಾರಗಳನ್ನು ಈ ನಾಲ್ಕಕ್ಕೆ ಮಾತ್ರ ಮೀಸಲಿಡಿ.

ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ: (ಕ್ಷ − 1)/3 − (ಕ್ಷ + 2)/4 = 1. ಎರಡೂ ಬದಿಯನ್ನು ಲ.ಸಾ.ಅ. 12ರಿಂದ ಗುಣಿಸಿದರೆ 4(ಕ್ಷ − 1) − 3(ಕ್ಷ + 2) = 12 ಎಂದು ಬರುತ್ತದೆ. ಇಲ್ಲಿಯವರೆಗೆ ಎಲ್ಲರೂ ಸರಿಯಾಗಿ ಬರುತ್ತಾರೆ. ಮುಂದಿನ ಸಾಲಿನಲ್ಲಿ 4ಕ್ಷ − 4 − 3ಕ್ಷ − 6 = 12 ಎಂದು ಬರೆಯಬೇಕಾದಲ್ಲಿ, ಅನೇಕರು ಕೊನೆಯ ಪದವನ್ನು + 6 ಎಂದು ಬರೆಯುತ್ತಾರೆ, ಏಕೆಂದರೆ ಋಣಚಿಹ್ನೆಯು ಆವರಣದ ಮೊದಲ ಪದಕ್ಕೆ ಮಾತ್ರ ಅನ್ವಯಿಸುತ್ತದೆ ಎಂಬ ಅಭ್ಯಾಸ ಕೈಗೆ ಹತ್ತಿರುತ್ತದೆ. ಸರಿಯಾದ ಉತ್ತರ 22. ತಪ್ಪು ದಾರಿಯಲ್ಲಿ 10 ಬರುತ್ತದೆ. 10ನ್ನು ಮೂಲ ಸಮೀಕರಣದಲ್ಲಿ ಹಾಕಿ ನೋಡಿದರೆ 3 − 3 = 0 ಆಗುತ್ತದೆಯೇ ಹೊರತು 1 ಆಗುವುದಿಲ್ಲ. ಈ ತಾಳೆ ನೋಡುವ ಕೆಲಸಕ್ಕೆ ಹತ್ತು ಸೆಕೆಂಡು ಸಾಕು, ಮತ್ತು ಇದನ್ನು ಮಾಡುವವರು ಬಹಳ ಕಡಿಮೆ.

ಇದೇ ಬಗೆಯಲ್ಲಿ ಪದೇ ಪದೇ ಕಾಣುವ ಇನ್ನು ಕೆಲವು ತಪ್ಪುಗಳು ಹೀಗಿವೆ. (ಕ್ಷ + 5)²ನ್ನು ಕ್ಷ² + 25 ಎಂದು ಬರೆದು ನಡುವಿನ 10ಕ್ಷವನ್ನು ಕಳೆದುಕೊಳ್ಳುವುದು. (ಕ್ಷ + 5)/5ರಲ್ಲಿ ಎರಡು 5ಗಳನ್ನು ಹೊಡೆದುಹಾಕಿ ಕ್ಷ ಎಂದು ಉತ್ತರಿಸುವುದು. ಅಂಶ ಮತ್ತು ಛೇದಗಳಲ್ಲಿ ಸಮಾನವಾಗಿರುವ ಅಪವರ್ತನವನ್ನು ಮಾತ್ರ ಹೊಡೆಯಬಹುದು, ಕೂಡಿರುವ ಪದವನ್ನಲ್ಲ. ಕ್ಷ² = 5ಕ್ಷ ಎಂಬುದನ್ನು ಎರಡೂ ಬದಿ ಕ್ಷದಿಂದ ಭಾಗಿಸಿ 5 ಎಂಬ ಒಂದೇ ಉತ್ತರ ಕೊಡುವುದು; ಇಲ್ಲಿ 0 ಎಂಬ ಇನ್ನೊಂದು ಉತ್ತರ ಕಳೆದುಹೋಗುತ್ತದೆ. ಅಸಮಾನತೆಯನ್ನು ಋಣಸಂಖ್ಯೆಯಿಂದ ಭಾಗಿಸಿದಾಗ ಚಿಹ್ನೆಯನ್ನು ತಿರುಗಿಸಲು ಮರೆಯುವುದು.

ಸಿದ್ಧತೆ ಸಾಕಾಗಿದೆಯೇ ಎಂದು ತಿಳಿಯಲು, ಮಿಶ್ರವಾಗಿ ಆರಿಸಿದ 20 ಲೆಕ್ಕಗಳನ್ನು ಯಾವ ಸಹಾಯವೂ ಇಲ್ಲದೆ ಒಂದು ಗಂಟೆಯಲ್ಲಿ ಬಿಡಿಸಿ. 16ಕ್ಕಿಂತ ಕಡಿಮೆ ಸರಿಯಾದರೆ ತರಗತಿಯ ಆರಂಭಕ್ಕೆ ನೀವಿನ್ನೂ ಸಿದ್ಧರಾಗಿಲ್ಲ ಎಂದು ತಿಳಿದು, ತಪ್ಪಿದ ಬಗೆಯ ಲೆಕ್ಕಗಳನ್ನೇ ಮತ್ತೆ ಮಾಡಿ.

ಹಂತ 6: ಊರಿನ ರೂಢಿಗೂ ಇಲ್ಲಿನ ರೂಢಿಗೂ ಇರುವ ವ್ಯತ್ಯಾಸಗಳನ್ನು ಗುರುತಿಸಿಟ್ಟುಕೊಳ್ಳಿ

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬಹುಪದೋಕ್ತಿ, ಸಹಗುಣಕ, ಅಪವರ್ತನ, ಶೋಧಕ ಎಂಬ ಪದಗಳು ಚೆನ್ನಾಗಿ ಗೊತ್ತಿರುತ್ತವೆ. ಇವುಗಳ ಇಂಗ್ಲಿಷ್ ಹೆಸರುಗಳು ಗೊತ್ತಿಲ್ಲದೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ನೋಟ್‌ಪುಸ್ತಕದ ಕೊನೆಯ ಪುಟದಲ್ಲಿ ಎರಡು ಕಾಲಂ ಮಾಡಿ, ಕನ್ನಡ ಪದದ ಎದುರಿಗೆ ಇಂಗ್ಲಿಷ್ ಪದವನ್ನು ಬರೆಯುತ್ತ ಹೋಗಿ. ಐವತ್ತು ಪದಗಳಾದರೆ ಕೋರ್ಸಿನ ಬಹುಭಾಗ ಮುಗಿದಂತೆ.

ಬರಹದ ರೂಢಿಯಲ್ಲಿಯೂ ವ್ಯತ್ಯಾಸಗಳಿವೆ. ನಾವು ಬಾಡ್‌ಮಾಸ್ ಎಂದು ಕಲಿತ ಕ್ರಮವನ್ನು ಇಲ್ಲಿ ಪೆಮ್‌ಡಾಸ್ ಎನ್ನುತ್ತಾರೆ. ನಿಯಮ ಒಂದೇ, ಗುಣಾಕಾರ ಮತ್ತು ಭಾಗಾಕಾರ ಸಮಾನ ಮಟ್ಟದವು, ಎಡದಿಂದ ಬಲಕ್ಕೆ ಮಾಡಬೇಕು. ಸರಳರೇಖೆಯ ಸಮೀಕರಣದಲ್ಲಿ ಸ್ಥಿರಪದಕ್ಕೆ ನಮ್ಮ ಪುಸ್ತಕಗಳ ‘ಸಿ’ ಇದ್ದಲ್ಲಿ ಇಲ್ಲಿ ‘ಬಿ’ ಇರುತ್ತದೆ. ಉತ್ತರಗಳನ್ನು ಅಂತರದ ರೂಪದಲ್ಲಿ ಬರೆಯುವುದಕ್ಕೆ ಹೆಚ್ಚು ಒತ್ತು ಇದೆ: ಕ್ಷ ಎಂಬುದು −3ಕ್ಕಿಂತ ಹೆಚ್ಚು ಮತ್ತು 5ಕ್ಕೆ ಸಮ ಅಥವಾ ಕಡಿಮೆ ಎಂಬುದನ್ನು (−3, 5] ಎಂದು ಬರೆಯಬೇಕು. ದುಂಡು ಆವರಣವೆಂದರೆ ಆ ತುದಿ ಸೇರಿಲ್ಲ, ಚೌಕ ಆವರಣವೆಂದರೆ ಸೇರಿದೆ. ಅನಂತದ ಚಿಹ್ನೆಯ ಪಕ್ಕದಲ್ಲಿ ಯಾವಾಗಲೂ ದುಂಡು ಆವರಣ. ಕಂಪ್ಯೂಟರ್ ಮೌಲ್ಯಮಾಪನದಲ್ಲಿ ಆವರಣ ತಪ್ಪಿದರೆ ಇಡೀ ಉತ್ತರವೇ ತಪ್ಪು.

ಕ್ಯಾಲ್ಕ್ಯುಲೇಟರ್ ಇಲ್ಲದೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದವರಿಗೆ ಕೈಲೆಕ್ಕ ಬಲವಾಗಿರುತ್ತದೆ. ಆ ಬಲವನ್ನು ಬಿಡಬೇಡಿ. ಯಂತ್ರವನ್ನು ನಂಬಿ ಎಡವುವ ಒಂದು ಸ್ಥಳ ಇಲ್ಲಿದೆ: ಎಫ್(ಕ್ಷ) = ಕ್ಷ² − 3ಕ್ಷ ಆಗಿದ್ದಾಗ ಎಫ್(−2) ಎಷ್ಟು? (−2)² − 3(−2) = 4 + 6 = 10. ಆವರಣವಿಲ್ಲದೆ −2² ಎಂದು ಒತ್ತಿದರೆ ಯಂತ್ರ −4 ಎಂದು ತಿಳಿದು ಕೊನೆಗೆ 2 ಎಂದು ತೋರಿಸುತ್ತದೆ. ಯಂತ್ರ ತಪ್ಪಿಲ್ಲ, ಋಣಸಂಖ್ಯೆಯನ್ನು ಸದಾ ಆವರಣದೊಳಗೆ ಹಾಕುವುದು ಬಳಸುವವರ ಹೊಣೆ.

ಹಂತ 7: ಮೊದಲ ವಾರದಲ್ಲಿ ಸಿಲಬಸ್‌ನಿಂದ ದಿನಾಂಕಗಳನ್ನೂ ಅಂಕಗಳ ತೂಕವನ್ನೂ ತೆಗೆದಿಡಿ

ಶುಲ್ಕ ವಾಪಸು ಸಿಗುವಂತೆ ಕೋರ್ಸ್ ಬಿಡುವ ಕೊನೆಯ ದಿನ, ‘ಡಬ್ಲ್ಯೂ’ (ಗ್ರೇಡ್ ಬದಲು, ಕೋರ್ಸಿನಿಂದ ಹಿಂದೆ ಸರಿದಿದ್ದನ್ನು ದಾಖಲಿಸುವ ಗುರುತು) ಪಡೆದು ಹಿಂದೆ ಸರಿಯುವ ಕೊನೆಯ ದಿನ, ಪ್ರತಿ ಪರೀಕ್ಷೆಯ ದಿನ ಮತ್ತು ಶಿಕ್ಷಕರ ಆಫೀಸ್ ಅವರ್ಸ್ (ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಮೀಸಲಿಟ್ಟ ಸಮಯ) ಇವಿಷ್ಟನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ತಡವಾದ ಹೋಂವರ್ಕ್ ಸ್ವೀಕರಿಸುತ್ತಾರೆಯೇ, ಅತಿ ಕಡಿಮೆ ಅಂಕದ ಒಂದು ಪರೀಕ್ಷೆಯನ್ನು ಬಿಟ್ಟು ಲೆಕ್ಕ ಹಾಕುತ್ತಾರೆಯೇ ಎಂಬುದೂ ಸಿಲಬಸ್‌ನಲ್ಲಿಯೇ ಇರುತ್ತದೆ.

35 ಅಂಕ ಬಂದರೆ ಪಾಸು ಎಂಬ ಹಳೆಯ ಲೆಕ್ಕವನ್ನು ಇಲ್ಲಿ ಮರೆಯಬೇಕು. ಮುಂದಿನ ಗಣಿತದ ಕೋರ್ಸಿಗೆ ಹೋಗಲು ಸಾಮಾನ್ಯವಾಗಿ ‘ಸಿ’ ಗ್ರೇಡ್ ಬೇಕು, ಅಂದರೆ ಬಹುತೇಕ ಕಡೆ 100ಕ್ಕೆ 70.

ಹಂತ 8: ವಾರದ ಓದನ್ನು ಕಾಗದದ ಮೇಲೆ ಕಟ್ಟಿಕೊಳ್ಳಿ

ತರಗತಿಯ ಪಾಠ ಮುಗಿದ ದಿನವೇ, ಶಿಕ್ಷಕರು ಬಿಡಿಸಿದ ಉದಾಹರಣೆಗಳನ್ನು ನೋಟ್ಸ್ ಮುಚ್ಚಿಟ್ಟು ಮತ್ತೆ ಬಿಡಿಸಿ. ಎಲ್ಲಿ ಕೈ ನಿಲ್ಲುತ್ತದೆಯೋ ಅಲ್ಲಿ ಪಾಠ ಅರ್ಥವಾಗಿಲ್ಲ. ವಿಡಿಯೊ ನೋಡುವಾಗ ಎಲ್ಲವೂ ಸುಲಭವಾಗಿ ಕಾಣುವುದರಿಂದ, ನೋಡಿದ್ದನ್ನೇ ಕಲಿತದ್ದೆಂದು ಎಣಿಸುವ ಅಪಾಯ ಬಹಳ ದೊಡ್ಡದು. ಹತ್ತು ನಿಮಿಷ ವಿಡಿಯೊ ನೋಡಿದರೆ ಇಪ್ಪತ್ತು ನಿಮಿಷ ಬರೆಯಬೇಕೆಂಬ ನಿಯಮ ಇಟ್ಟುಕೊಳ್ಳಿ.

ಆನ್‌ಲೈನ್ ಹೋಂವರ್ಕಿನಲ್ಲಿ ಇದೇ ಬಗೆಯ ಉದಾಹರಣೆಯನ್ನು ತೋರಿಸುವ ಗುಂಡಿ ಪ್ರತಿ ಲೆಕ್ಕದ ಪಕ್ಕದಲ್ಲಿಯೂ ಇರುತ್ತದೆ. ಅದನ್ನು ಒತ್ತಿ, ಸಂಖ್ಯೆಗಳನ್ನು ಬದಲಿಸಿ ಉತ್ತರ ತುಂಬುತ್ತ ಹೋದರೆ ಹೋಂವರ್ಕಿನಲ್ಲಿ 95 ಬರುತ್ತದೆ, ಪರೀಕ್ಷೆಯಲ್ಲಿ 50 ಬರುತ್ತದೆ. ಫೋಟೊ ತೆಗೆದರೆ ಲೆಕ್ಕ ಬಿಡಿಸಿಕೊಡುವ ಆ್ಯಪ್‌ಗಳ ವಿಷಯವೂ ಹೀಗೆಯೇ. ಅನೇಕ ಶಿಕ್ಷಕರು ಅದನ್ನು ಪರೀಕ್ಷಾ ಅಕ್ರಮದಂತೆಯೇ ಪರಿಗಣಿಸುತ್ತಾರೆ ಎಂಬುದನ್ನೂ ನೆನಪಿಡಿ. ಪ್ರತಿ ಲೆಕ್ಕವನ್ನು ಮೊದಲು ಹಾಳೆಯ ಮೇಲೆ ಕೊನೆಯವರೆಗೆ ಬಿಡಿಸಿ, ನಂತರವೇ ಉತ್ತರವನ್ನು ಟೈಪ್ ಮಾಡಿ. ಸಹಾಯದ ಗುಂಡಿ ಒತ್ತಿದ ಲೆಕ್ಕದ ಪಕ್ಕದಲ್ಲಿ ಹಾಳೆಯ ಮೇಲೆ ಗುರುತು ಹಾಕಿ, ಎರಡು ದಿನಗಳ ನಂತರ ಅದೇ ಬಗೆಯ ಹೊಸ ಲೆಕ್ಕವನ್ನು ಸಹಾಯವಿಲ್ಲದೆ ಮಾಡಿ.

ತಪ್ಪುಗಳ ನೋಟ್‌ಪುಸ್ತಕದಲ್ಲಿ ಪ್ರತಿ ತಪ್ಪಿಗೂ ಮೂರು ಸಾಲು ಸಾಕು: ತಪ್ಪಾದ ಸಾಲು, ಸರಿಯಾದ ಸಾಲು, ತಪ್ಪಿದ ಕಾರಣ. ‘ಅಜಾಗರೂಕತೆ’ ಎಂದು ಕಾರಣ ಬರೆಯಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ‘ಋಣಚಿಹ್ನೆಯನ್ನು ಎರಡನೆಯ ಪದಕ್ಕೆ ಹಂಚಲಿಲ್ಲ’ ಎಂದು ಬರೆಯಿರಿ. ನಾಲ್ಕು ವಾರ ಕಳೆದ ಮೇಲೆ ಈ ಪುಸ್ತಕವನ್ನು ತಿರುವಿದರೆ ನಿಮ್ಮ ಅಂಕಗಳು ಎರಡೋ ಮೂರೋ ಕಾರಣಗಳಿಂದಲೇ ಹೋಗುತ್ತಿವೆ ಎಂದು ಕಾಣುತ್ತದೆ.

ಟ್ಯೂಟರಿಂಗ್ ಸೆಂಟರ್ ಸಾಮಾನ್ಯವಾಗಿ ಉಚಿತ. ಅಲ್ಲಿಗೆ ಹೋಗುವಾಗ ‘ನನಗೆ ಈ ಅಧ್ಯಾಯ ಬರುವುದಿಲ್ಲ’ ಎಂದು ಹೋಗಬೇಡಿ. ಅರ್ಧ ಬಿಡಿಸಿದ ಹಾಳೆಯನ್ನು ಹಿಡಿದು, ನಿಂತ ಸಾಲನ್ನು ತೋರಿಸಿ. ಶಿಕ್ಷಕರ ಬಳಿ ಪ್ರಶ್ನೆ ಕೇಳುವುದು ಅವಿನಯವೆಂಬ ಸಂಕೋಚ ನಮ್ಮಲ್ಲಿ ಅನೇಕರಿಗೆ ಇದೆ. ಇಲ್ಲಿ ಆಫೀಸ್ ಅವರ್ಸ್ ಇರುವುದೇ ಅದಕ್ಕಾಗಿ, ಮತ್ತು ಆ ಸಮಯದಲ್ಲಿ ಯಾರೂ ಬಾರದೆ ಶಿಕ್ಷಕರು ಒಬ್ಬರೇ ಕುಳಿತಿರುವುದೇ ಹೆಚ್ಚು.

ಹಂತ 9: ಕೋರ್ಸ್ ಕಠಿಣವಾಗುವ ಸ್ಥಳಗಳಲ್ಲಿ ನಿಧಾನಿಸಿ

ಮೊದಲನೆಯ ಸ್ಥಳ ಫಂಕ್ಷನ್. ಎಫ್(ಕ್ಷ) ಎಂಬುದನ್ನು ಎಫ್ ಮತ್ತು ಕ್ಷಗಳ ಗುಣಲಬ್ಧವೆಂದು ಓದುವವರಿದ್ದಾರೆ. ಅದು ಒಂದು ನಿಯಮದ ಹೆಸರು; ಆವರಣದೊಳಗೆ ಏನು ಕೊಟ್ಟರೂ, ನಿಯಮದಲ್ಲಿ ಕ್ಷ ಇರುವ ಪ್ರತಿ ಸ್ಥಳದಲ್ಲಿ ಅದನ್ನು ಆವರಣ ಸಮೇತ ಹಾಕಬೇಕು. ಹಂತ 6ರ ಫಂಕ್ಷನ್‌ಗೆ ಎಫ್(ಕ್ಷ + ಹ) ಕೇಳಿದರೆ (ತರಗತಿಯ ‘ಎಚ್’ ಅನ್ನು ಇಲ್ಲಿ ‘ಹ’ ಎಂದು ಬರೆದಿದ್ದೇನೆ) (ಕ್ಷ + ಹ)² − 3(ಕ್ಷ + ಹ) ಎಂದು ಬರೆಯಬೇಕು. ಅದರಿಂದ ಎಫ್(ಕ್ಷ)ನ್ನು ಕಳೆದು ಹದಿಂದ ಭಾಗಿಸಿದರೆ 2ಕ್ಷ + ಹ − 3 ಬರುತ್ತದೆ. ಕ್ಯಾಲ್ಕ್ಯುಲಸ್‌ಗೆ ಹೋಗುವವರು ಈ ಒಂದು ಬಗೆಯ ಲೆಕ್ಕವನ್ನು ಬಲವಾಗಿ ಹಿಡಿಯಬೇಕು, ಏಕೆಂದರೆ ಅಲ್ಲಿನ ಮೊದಲ ಅಧ್ಯಾಯ ಇದರ ಮೇಲೆಯೇ ನಿಂತಿದೆ.

ಎರಡನೆಯದು ವರ್ಗಮೂಲವಿರುವ ಸಮೀಕರಣ. √(ಕ್ಷ + 7) = ಕ್ಷ − 5 ಎಂಬುದನ್ನು ತೆಗೆದುಕೊಳ್ಳಿ. ಎರಡೂ ಬದಿಯ ವರ್ಗ ಮಾಡಿದರೆ ಕ್ಷ + 7 = ಕ್ಷ² − 10ಕ್ಷ + 25, ಅಂದರೆ ಕ್ಷ² − 11ಕ್ಷ + 18 = 0, ಅಂದರೆ (ಕ್ಷ − 9)(ಕ್ಷ − 2) = 0. ಉತ್ತರ 9 ಮತ್ತು 2 ಎಂದು ಬರೆದು ಮುಗಿಸಿದರೆ ಅಂಕ ಹೋಯಿತು. 9ನ್ನು ಹಾಕಿದರೆ ಎರಡೂ ಬದಿ 4, ಸರಿ. 2ನ್ನು ಹಾಕಿದರೆ ಎಡಗಡೆ 3, ಬಲಗಡೆ −3. ಆದುದರಿಂದ 2 ಉತ್ತರವಲ್ಲ. ವರ್ಗ ಮಾಡುವಾಗ 3 ಮತ್ತು −3ರ ನಡುವಿನ ವ್ಯತ್ಯಾಸ ಅಳಿಸಿಹೋಗುವುದರಿಂದ ಇಂತಹ ಸುಳ್ಳು ಉತ್ತರಗಳು ಸೇರಿಕೊಳ್ಳುತ್ತವೆ.

ಮೂರನೆಯದು ಭಿನ್ನರಾಶಿಯ ಅಸಮಾನತೆ. (ಕ್ಷ − 3)/(ಕ್ಷ + 2) ≥ 0 ಎಂಬಲ್ಲಿ ಛೇದದಿಂದ ಗುಣಿಸಿ ಕ್ಷ ≥ 3 ಎಂದು ಬರೆಯುವುದು ತಪ್ಪು, ಏಕೆಂದರೆ ಛೇದ ಧನವೋ ಋಣವೋ ತಿಳಿಯದು. ಸಂಖ್ಯಾರೇಖೆಯ ಮೇಲೆ −2 ಮತ್ತು 3ನ್ನು ಗುರುತಿಸಿ, ಮೂರು ಭಾಗಗಳಲ್ಲಿಯೂ ಒಂದೊಂದು ಸಂಖ್ಯೆಯನ್ನು ಹಾಕಿ ಚಿಹ್ನೆ ನೋಡಬೇಕು. ಉತ್ತರ (−∞, −2) ∪ [3, ∞). ಛೇದ ಸೊನ್ನೆಯಾಗುವುದರಿಂದ −2 ಸೇರುವುದಿಲ್ಲ.

ನಾಲ್ಕನೆಯದು ಲಾಗರಿದಮ್, ಸೆಮಿಸ್ಟರಿನ ಕೊನೆಯಲ್ಲಿ, ಎಲ್ಲರೂ ದಣಿದಿರುವಾಗ ಬರುತ್ತದೆ. ಲಾಗ್₂ 8 = 3 ಎಂದರೆ 2ರ ಘಾತ ಎಷ್ಟಾದರೆ 8 ಆಗುತ್ತದೆ ಎಂಬ ಪ್ರಶ್ನೆಗೆ ಉತ್ತರ 3 ಎಂದರ್ಥ. ಈ ಒಂದು ವಾಕ್ಯವನ್ನು ಎರಡೂ ದಿಕ್ಕಿನಲ್ಲಿ ಸರಾಗವಾಗಿ ಹೇಳಲು ಬರುವವರೆಗೆ ನಿಯಮಗಳನ್ನು ಕಂಠಪಾಠ ಮಾಡಬೇಡಿ. ಲಾಗ್₂ ಕ್ಷ + ಲಾಗ್₂ (ಕ್ಷ − 6) = 4 ಎಂಬ ಸಮೀಕರಣ ಕ್ಷ² − 6ಕ್ಷ − 16 = 0 ಆಗಿ, 8 ಮತ್ತು −2 ಕೊಡುತ್ತದೆ. ಋಣಸಂಖ್ಯೆಗೆ ಈ ಕೋರ್ಸಿನಲ್ಲಿ ಲಾಗರಿದಮ್ ಇಲ್ಲದಿರುವುದರಿಂದ 8 ಮಾತ್ರ ಉಳಿಯುತ್ತದೆ. ಎರಡು ಲಾಗ್‌ಗಳ ಮೊತ್ತ ಗುಣಲಬ್ಧದ ಲಾಗ್ ಆಗುತ್ತದೆ. ಮೊತ್ತದ ಲಾಗ್ ಅನ್ನು ಎರಡಾಗಿ ಒಡೆಯಲು ಯಾವ ನಿಯಮವೂ ಇಲ್ಲ.

ಹಂತ 10: ವಾಕ್ಯರೂಪದ ಲೆಕ್ಕಗಳಿಗೆ ಇಲ್ಲಿನ ಅಳತೆಗಳನ್ನು ಕಲಿಯಿರಿ

ಗಣಿತ ಬಂದರೂ ಡೈಮ್ ಎಂದರೆ ಎಷ್ಟೆಂದು ತಿಳಿಯದೆ ಲೆಕ್ಕ ಬಿಡುವವರಿದ್ದಾರೆ. ಪೆನ್ನಿ 1 ಸೆಂಟ್, ನಿಕೆಲ್ 5, ಡೈಮ್ 10, ಕ್ವಾರ್ಟರ್ 25. ಮೈಲಿಗೆ 5,280 ಅಡಿ, ಗ್ಯಾಲನ್‌ಗೆ 4 ಕ್ವಾರ್ಟ್, ಪೌಂಡಿಗೆ 16 ಔನ್ಸ್. ಹತ್ತು ಲಕ್ಷ ಒಂದು ಮಿಲಿಯನ್, ನೂರು ಕೋಟಿ ಒಂದು ಬಿಲಿಯನ್.

ಲೆಕ್ಕ ಓದಿದ ಕೂಡಲೇ ಸಮೀಕರಣ ಬರೆಯಲು ಹೊರಡಬೇಡಿ. ಕ್ವಾರ್ಟರ್ ಮತ್ತು ಡೈಮ್ ಸೇರಿ 27 ನಾಣ್ಯಗಳಿವೆ, ಒಟ್ಟು ಮೌಲ್ಯ 4.80 ಡಾಲರ್ ಎಂದಿದ್ದರೆ, ಮೊದಲು ‘ಕ್ಷ ಎಂದರೆ ಕ್ವಾರ್ಟರ್‌ಗಳ ಸಂಖ್ಯೆ’ ಎಂದು ಪೂರ್ಣ ವಾಕ್ಯ ಬರೆಯಿರಿ. ಡೈಮ್‌ಗಳು 27 − ಕ್ಷ. ಎಲ್ಲವನ್ನೂ ಸೆಂಟ್‌ಗಳಿಗೆ ತಂದರೆ 25ಕ್ಷ + 10(27 − ಕ್ಷ) = 480; ಕ್ಷ = 14, ಡೈಮ್ 13. ನಾಣ್ಯಗಳ ಸಂಖ್ಯೆಯನ್ನೂ ಅವುಗಳ ಮೌಲ್ಯವನ್ನೂ ಒಂದೇ ಸಮೀಕರಣದಲ್ಲಿ ಬೆರೆಸುವುದು ಇಲ್ಲಿನ ಸಾಮಾನ್ಯ ತಪ್ಪು. ಆರಂಭದ ಆ ಒಂದು ವಾಕ್ಯ ಅದನ್ನು ತಡೆಯುತ್ತದೆ.

ಹಂತ 11: ಪರೀಕ್ಷೆಯನ್ನು ಮನೆಯಲ್ಲಿ ಮೊದಲೇ ಬರೆದು ನೋಡಿ

ಪರೀಕ್ಷೆಗೆ ಮೂರು ದಿನ ಮೊದಲು, ಅಧ್ಯಾಯಗಳನ್ನು ಬೆರೆಸಿ ಆರಿಸಿದ ಲೆಕ್ಕಗಳನ್ನು ಗಡಿಯಾರ ಇಟ್ಟುಕೊಂಡು, ಪರೀಕ್ಷೆಯಲ್ಲಿ ಬಿಡುವ ಕ್ಯಾಲ್ಕ್ಯುಲೇಟರಿನಿಂದ ಮಾತ್ರ ಬಿಡಿಸಿ. ಅಧ್ಯಾಯದ ಶೀರ್ಷಿಕೆ ಕಣ್ಣ ಮುಂದೆ ಇರುವಾಗ ಯಾವ ವಿಧಾನ ಬಳಸಬೇಕೆಂದು ಮೊದಲೇ ಗೊತ್ತಿರುತ್ತದೆ. ಪರೀಕ್ಷೆಯಲ್ಲಿ ಆ ಶೀರ್ಷಿಕೆ ಇರುವುದಿಲ್ಲ. ಆನ್‌ಲೈನ್ ಪರೀಕ್ಷೆಯಾದರೆ ಲಾಕ್‌ಡೌನ್ ಬ್ರೌಸರ್ (ಪರೀಕ್ಷೆಯ ವೇಳೆ ಬೇರೆ ಪುಟ ತೆರೆಯದಂತೆ ತಡೆಯುವ ತಂತ್ರಾಂಶ) ಮತ್ತು ಕ್ಯಾಮೆರಾಗಳನ್ನು ಹಿಂದಿನ ದಿನವೇ ಪರೀಕ್ಷಿಸಿ, ಆ ಹೊತ್ತಿನಲ್ಲಿ ಕೋಣೆಗೆ ಯಾರೂ ಬಾರದಂತೆ ಮನೆಯವರಿಗೆ ತಿಳಿಸಿ.

ಉತ್ತರಪತ್ರಿಕೆ ಮರಳಿದ ವಾರದಲ್ಲಿಯೇ, ತಪ್ಪಾದ ಪ್ರತಿ ಲೆಕ್ಕವನ್ನು ಹೊಸ ಹಾಳೆಯಲ್ಲಿ ಪೂರ್ತಿಯಾಗಿ ಬಿಡಿಸಿ ತಪ್ಪುಗಳ ಪುಸ್ತಕಕ್ಕೆ ಸೇರಿಸಿ. ಅಂತಿಮ ಪರೀಕ್ಷೆ ಸಾಮಾನ್ಯವಾಗಿ ಇಡೀ ಪಠ್ಯವನ್ನು ಒಳಗೊಳ್ಳುವುದರಿಂದ ಈ ಹಾಳೆಗಳೇ ಅದರ ಅತ್ಯುತ್ತಮ ಸಿದ್ಧತೆ.

ಹಂತ 12: ಅಪಾಯದ ಸೂಚನೆಗಳನ್ನು ನೋಡಿ, ಹಿಂದೆ ಸರಿಯುವ ದಿನದೊಳಗೆ ನಿರ್ಧರಿಸಿ

ಹೋಂವರ್ಕಿನ ಅಂಕಕ್ಕೂ ಪರೀಕ್ಷೆಯ ಅಂಕಕ್ಕೂ 25ಕ್ಕಿಂತ ಹೆಚ್ಚು ಅಂತರವಿರುವುದು, ಸತತ ಎರಡು ವಾರ ಹೋಂವರ್ಕ್ ಕೊನೆಯ ರಾತ್ರಿಯಲ್ಲಿ ಮುಗಿಯುವುದು, ತರಗತಿಯಲ್ಲಿ ಬರೆದುಕೊಂಡದ್ದನ್ನು ಮನೆಯಲ್ಲಿ ಓದಿದರೆ ಯಾಕೆ ಹೀಗೆ ಎಂದು ಹೇಳಲು ಬಾರದಿರುವುದು: ಇವುಗಳಲ್ಲಿ ಯಾವುದಾದರೂ ಒಂದು ಕಂಡರೆ ಅದೇ ವಾರ ಶಿಕ್ಷಕರನ್ನು ಭೇಟಿಯಾಗಿ.

ಹಿಂದೆ ಸರಿಯುವ ದಿನ ಹತ್ತಿರವಾದಾಗ ಭಾವನೆಯಿಂದ ನಿರ್ಧರಿಸದೆ ಲೆಕ್ಕ ಹಾಕಿ. ಹೋಂವರ್ಕಿಗೆ 20, ಪರೀಕ್ಷೆಗಳಿಗೆ 50, ಅಂತಿಮ ಪರೀಕ್ಷೆಗೆ 30 ಶೇಕಡಾ ತೂಕವಿದ್ದು, ನಿಮ್ಮ ಸರಾಸರಿ ಹೋಂವರ್ಕಿನಲ್ಲಿ 90, ಪರೀಕ್ಷೆಗಳಲ್ಲಿ 62 ಇದ್ದು ಹಾಗೆಯೇ ಮುಂದುವರಿಯುವುದಾದರೆ, ಈವರೆಗೆ 18 + 31 = 49 ಆಯಿತು. 70 ಮುಟ್ಟಲು ಅಂತಿಮ ಪರೀಕ್ಷೆಯಿಂದ 21 ಬೇಕು, ಅಂದರೆ ಅಲ್ಲಿ 100ಕ್ಕೆ 70 ಬರಬೇಕು. ಈವರೆಗೆ 62 ತೆಗೆದವರಿಗೆ ಇದು ಕಷ್ಟ, ಆದರೆ ಸಾಧ್ಯ. ಇದೇ ಲೆಕ್ಕದಲ್ಲಿ 95 ಬೇಕೆಂದು ಬಂದರೆ ಹಿಂದೆ ಸರಿಯುವುದೇ ವಿವೇಕ. ‘ಡಬ್ಲ್ಯೂ’ ಸಾಮಾನ್ಯವಾಗಿ ಗ್ರೇಡ್ ಸರಾಸರಿಯನ್ನು ಕೆಡಿಸುವುದಿಲ್ಲ, ನಪಾಸಾದಾಗ ಬರುವ ‘ಎಫ್’ ಗ್ರೇಡ್ ಕೆಡಿಸುತ್ತದೆ. ಫೆಡರಲ್ ವಿದ್ಯಾರ್ಥಿ ನೆರವು ಪಡೆಯುತ್ತಿರುವವರು ಮಾತ್ರ ‘ಡಬ್ಲ್ಯೂ’ ಕೂಡ ಪ್ರಯತ್ನಿಸಿದ ಕ್ರೆಡಿಟ್‌ಗಳ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಗಮನಿಸಿ ನೆರವಿನ ಕಚೇರಿಯನ್ನು ಮೊದಲು ವಿಚಾರಿಸಬೇಕು. ತರಗತಿಗೆ ಹೋಗುವುದನ್ನು ಸುಮ್ಮನೆ ನಿಲ್ಲಿಸಿದರೆ ಹಿಂದೆ ಸರಿದಂತೆ ಆಗುವುದಿಲ್ಲ. ಅರ್ಜಿ ಸಲ್ಲಿಸದಿದ್ದರೆ ಸಾಮಾನ್ಯವಾಗಿ ಬರುವುದು ‘ಎಫ್’.

ಹಿಂದೆ ಸರಿದವರು ತಪ್ಪುಗಳ ಪುಸ್ತಕವನ್ನು ಇಟ್ಟುಕೊಂಡು ಹಂತ 5ರಿಂದ ಮತ್ತೆ ಆರಂಭಿಸಬೇಕು, ಮತ್ತು ಮರುದಾಖಲಾತಿಗೆ ಮೊದಲು ಆ 20 ಲೆಕ್ಕಗಳ ಪರೀಕ್ಷೆಯನ್ನು ಬರೆಯಬೇಕು. ಪಾಸಾದವರು ಮುಂದಿನ ಗಣಿತದ ಕೋರ್ಸನ್ನು ಮರು ಸೆಮಿಸ್ಟರಿನಲ್ಲಿಯೇ ತೆಗೆದುಕೊಳ್ಳುವುದು ಒಳ್ಳೆಯದು. ಒಂದು ವರ್ಷ ಬಿಟ್ಟರೆ ಲಾಗರಿದಮ್ ಮತ್ತು ಫಂಕ್ಷನ್‌ಗಳು ಬಹುಬೇಗ ಮರೆಯುತ್ತವೆ. ಸಿಲಬಸ್‌ನ ಒಂದು ಪ್ರತಿಯನ್ನು ಪಿಡಿಎಫ್ ಆಗಿ ಉಳಿಸಿಡಿ, ಏಕೆಂದರೆ ಬೇರೆ ರಾಜ್ಯದ ಅಥವಾ ಬೇರೆ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಯಾಗುವಾಗ ಕೋರ್ಸಿನಲ್ಲಿ ಏನೇನು ಓದಿದಿರಿ ಎಂಬುದಕ್ಕೆ ಅದನ್ನೇ ಕೇಳುತ್ತಾರೆ.